ತಿಪ್ಪೆಯ ಉಸಿರಿಗೆ ಕರಗುವ ಚೌಳು

ಎರಡು ಗಾಜಿನ ಲೋಟಗಳಿಗೆ ಮಳೆನೀರು ತುಂಬಿಸಿ, ಅಲುಗಾಡದ ಕಡೆ ಇಡಿ. ಒಂದಕ್ಕೆ ಮೇಲುಹೊಲದ ಕೆಂಪುಮಣ್ಣಿನ ಒಣ ಹೆಂಟೆಯೊಂದನ್ನು, ಕಡಲೆಕಾಳಿನ ಗಾತ್ರದ್ದು ಸಾಕು, ಮೆಲ್ಲಗೆ ಬಿಡಿ. ಇನ್ನೊಂದಕ್ಕೆ ಕೆರೆ ಏರಿಯ ಕೆಳಗೆ, ಬೇಸಿಗೆಯಲ್ಲಿ ಬೆಳ್ಳಗೆ ಪುಡಿಯೇಳುವ, ಎಷ್ಟು ಬಿತ್ತಿದರೂ ಪೈರು ಹಿಡಿಯದ ಜಾಗದ ಹೆಂಟೆ. ಈಗ ಕಣ್ಣು ತೆಗೆಯದೆ ನೋಡಿ. ಮೊದಲನೆಯದು ನಾಲ್ಕು ಗುಳ್ಳೆ ಬಿಟ್ಟು, ನೀರು ಕುಡಿದು, ಇದ್ದಲ್ಲೇ ಕೂರುತ್ತದೆ. ಬಿರಿದರೂ ಚೂರುಚೂರಾಗಿ ತಳದಲ್ಲಿ ಉಳಿಯುತ್ತದೆ, ನೀರು ತಿಳಿಯಾಗಿಯೇ ಇರುತ್ತದೆ. ಎರಡನೆಯದರ ಸುತ್ತ ಮೊದಲು ತೆಳ್ಳನೆಯ ಮಬ್ಬೊಂದು ಮೂಡುತ್ತದೆ. ಆ ಮಬ್ಬು ಹರಡುತ್ತದೆ, ಏರುತ್ತದೆ, ಒಂದೆರಡು ಗಂಟೆಯಲ್ಲಿ ಲೋಟದ ತಳವೇ ಕಾಣದಂತಾಗುತ್ತದೆ. ಯಾರೂ ಕದಡಿಲ್ಲ, ಯಾರೂ ಮುಟ್ಟಿಲ್ಲ. ಮಣ್ಣು ತಾನಾಗಿಯೇ ತನ್ನನ್ನು ಬಿಚ್ಚಿಕೊಂಡಿದೆ!

ಆಸ್ಟ್ರೇಲಿಯದ ಮಣ್ಣು ವಿಜ್ಞಾನಿ ಎಮರ್ಸನ್ 1967ರಲ್ಲಿ ಈ ಪರೀಕ್ಷೆಯನ್ನು ಕ್ರಮಬದ್ಧವಾಗಿ ಬರೆದಿಟ್ಟರು. ಪ್ರಪಂಚದ ಪ್ರಯೋಗಾಲಯಗಳು ಇವತ್ತಿಗೂ ಅದನ್ನು ಬಳಸುತ್ತವೆ. ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಲಕ್ಕೂರು ಹೋಬಳಿಯ ಯಾವ ಅಡುಗೆಮನೆಯಲ್ಲಾದರೂ ಅದನ್ನು ಮಾಡಬಹುದು. ಮಬ್ಬೆದ್ದ ಆ ಲೋಟದಲ್ಲಿ ಕಾಣುವುದೇ ಚೌಳು. ಅಲ್ಲಿಂದ ಹೊರಟು ಒಂದೊಂದೇ ಪದರ ಬಿಡಿಸುತ್ತಾ ಹೋದರೆ ಸಿಗುವ ಸಂಗತಿ ಎಷ್ಟು ದೊಡ್ಡದೆಂದರೆ, ಹಿತ್ತಲಿನ ತಿಪ್ಪೆಯನ್ನು ಆಮೇಲೆ ಮೊದಲಿನ ಕಣ್ಣಿನಿಂದ ನೋಡಲು ಸಾಧ್ಯವೇ ಇಲ್ಲ.

ನೂರರಲ್ಲಿ ಹದಿನೈದು

ಜೇಡಿಯ ಕಣ ಉಂಡೆಯಲ್ಲ, ಹಾಳೆ. ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲಿಗಿಂತಲೂ ಸಣ್ಣದಾದ ಈ ಹಾಳೆಗಳು, ಒತ್ತಿ ಕಟ್ಟಿಟ್ಟ ಮುತ್ತುಗದ ಊಟದೆಲೆಗಳ ಹಾಗೆ, ಒಂದರ ಮೇಲೊಂದು ಕೂತಿರುತ್ತವೆ. ಪ್ರತಿ ಹಾಳೆಯ ಮೈಮೇಲೂ ಋಣ ವಿದ್ಯುದಂಶ ಇದೆ. ಸುಮ್ಮನೆ ಬಿಟ್ಟರೆ ಅವು ಒಂದನ್ನೊಂದು ದೂರ ತಳ್ಳುತ್ತವೆ. ನಡುವೆ ನಿಂತು ಎರಡೂ ಕಡೆಯನ್ನು ಹಿಡಿದಿಡುವುದು ಕ್ಯಾಲ್ಸಿಯಂ. ಅದಕ್ಕೆ ಎರಡು ಧನ ವಿದ್ಯುದಂಶ, ಹಿಡಿತ ಬಿಗಿ. ಕ್ಯಾಲ್ಸಿಯಂ ಇದ್ದ ಜೇಡಿ ಗಂಟುಗಂಟಾಗಿ ಕೂಡಿಕೊಳ್ಳುತ್ತದೆ, ಗಂಟುಗಳ ನಡುವೆ ಸಂದು ಉಳಿಯುತ್ತದೆ, ಸಂದಿನಲ್ಲಿ ಗಾಳಿ ಓಡಾಡುತ್ತದೆ, ನೀರು ಇಳಿಯುತ್ತದೆ, ಬೇರು ದಾರಿ ಮಾಡಿಕೊಳ್ಳುತ್ತದೆ.

ಆ ಜಾಗಕ್ಕೆ ಸೋಡಿಯಂ ಬಂದರೆ ಏನಾಗುತ್ತದೆ? ಸೋಡಿಯಂಗೆ ಇರುವುದು ಒಂದೇ ಧನ ವಿದ್ಯುದಂಶ. ಸಾಲದ್ದಕ್ಕೆ ತನ್ನ ಸುತ್ತ ನೀರಿನ ದಪ್ಪ ಪೊರೆ ಕಟ್ಟಿಕೊಂಡು ಬರುತ್ತದೆ. ಹಾಳೆಗಳು ಸಡಿಲವಾಗುತ್ತವೆ, ನೀರು ತಾಗಿದೊಡನೆ ಬೇರೆಬೇರೆಯಾಗಿ ತೇಲುತ್ತವೆ, ತೇಲಿ ಹೋಗಿ ಸಂದುಗಳನ್ನೆಲ್ಲ ಮುಚ್ಚುತ್ತವೆ. ಮಳೆ ಬಂದಾಗ ಅಂಟುವ, ಬಿಸಿಲಿಗೆ ಸಿಮೆಂಟಿನಷ್ಟು ಗಡುಸಾಗುವ, ಮೇಲೆ ನೀರು ನಿಂತಿದ್ದರೂ ಒಂದು ಗೇಣು ಕೆಳಗೆ ಒಣಗಿರುವ ನೆಲ ಆಗುವುದು ಹೀಗೆ.

ಅಮೆರಿಕದ ಕ್ಯಾಲಿಫೋರ್ನಿಯದ ರಿವರ್‌ಸೈಡ್‌ನಲ್ಲಿದ್ದ ಲವಣ ಪ್ರಯೋಗಾಲಯ 1954ರಲ್ಲಿ ಹೊರತಂದ ಕೈಪಿಡಿ ಇದಕ್ಕೊಂದು ಗಡಿ ಹಾಕಿತು. ಜೇಡಿ ಹಿಡಿದಿಟ್ಟುಕೊಂಡ ಧನ ಅಯಾನುಗಳಲ್ಲಿ ಸೋಡಿಯಂನ ಪಾಲು ಶೇ 15 ದಾಟಿ, ಮಣ್ಣಿನ ರಸಸಾರ 8.5 ಮೀರಿದರೆ ಅದು ಕ್ಷಾರ ಮಣ್ಣು. ನೂರರಲ್ಲಿ ಬರೀ ಹದಿನೈದು! ಉಳಿದ 85 ಜಾಗಗಳಲ್ಲಿ ಒಳ್ಳೆಯವೇ ಕೂತಿದ್ದರೂ ಮಣ್ಣಿನ ಕಟ್ಟು ಕುಸಿಯುತ್ತದೆ. ಆ ಅಂಕಿಯನ್ನು ತಿರುಗಿಸಿ ಓದಿದರೆ ಮೈ ಜುಮ್ಮೆನ್ನುತ್ತದೆ. ಮಣ್ಣನ್ನೆಲ್ಲ ಬದಲಿಸಬೇಕಿಲ್ಲ, ಆ ಸಣ್ಣ ಪಾಲನ್ನು ಬದಲಿಸಿದರೆ ಸಾಕು.

ಬಂಡೆಯಿಂದ ಬಂದ ಸೋಡ

ಸಮುದ್ರದಿಂದ ಇಷ್ಟು ದೂರದ ಬಯಲುಸೀಮೆಗೆ ಈ ಸೋಡಿಯಂ ಬಂದದ್ದೆಲ್ಲಿಂದ? ಕಾಲಡಿಯ ಬಂಡೆಯಿಂದ. ಕೋಲಾರ ಸೀಮೆಯ ನೈಸ್, ಗ್ರಾನೈಟ್ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಅವುಗಳಲ್ಲಿರುವ ಫೆಲ್ಡ್‌ಸ್ಪಾರ್ ಖನಿಜ ಮಳೆನೀರಿಗೆ ಶಿಥಿಲವಾಗುತ್ತಾ ಒಂದು ಕಡೆ ಜೇಡಿಯನ್ನೂ ಇನ್ನೊಂದು ಕಡೆ ಸೋಡಿಯಂ, ಕ್ಯಾಲ್ಸಿಯಂಗಳನ್ನೂ ಬಿಡುಗಡೆ ಮಾಡುತ್ತದೆ. ಮಣ್ಣೂ ಅದನ್ನು ಕಾಡುವ ಸೋಡಿಯಂ ಕೂಡ ಒಂದೇ ಬಂಡೆಯ ಮಕ್ಕಳು! ಮೇಲುಹೊಲದಲ್ಲಿ ನೀರು ಕೆಳಕ್ಕೆ ಬಸಿಯುವುದರಿಂದ ಉಪ್ಪು ನಿಲ್ಲುವುದಿಲ್ಲ. ಏರಿಯ ಕೆಳಗಿನ ತಗ್ಗಿನಲ್ಲಿ ಜಿನುಗುವ ನೀರು ಮೇಲಕ್ಕೇರಿ, ಬಿಸಿಲಿಗೆ ಆರಿ, ಹೊತ್ತು ತಂದದ್ದನ್ನು ನೆಲದ ಮೇಲೆ ಬಿಟ್ಟುಹೋಗುತ್ತದೆ. ವರ್ಷಕ್ಕೆ ಸರಾಸರಿ 740 ಮಿಲಿಮೀಟರಿನಷ್ಟು ಮಳೆ ಬೀಳುವ ಈ ಜಿಲ್ಲೆಯಲ್ಲಿ ಬಿಸಿಲು ಹೀರಬಲ್ಲ ನೀರು ಅದಕ್ಕಿಂತ ಬಹಳ ಹೆಚ್ಚು. ಲೆಕ್ಕ ಯಾವಾಗಲೂ ಉಪ್ಪಿನ ಕಡೆಗೇ ವಾಲುತ್ತದೆ.

ನಮ್ಮ ಹಿಂದಿನವರು ಈ ಬಿಳಿ ಪುಡಿಯನ್ನು ಬಲ್ಲವರಾಗಿದ್ದರು. ಮಡಿವಾಳರು ಚೌಳುಮಣ್ಣು ಕೆರೆದು ತಂದು ಬಟ್ಟೆ ಒಗೆಯುತ್ತಿದ್ದರು. ಅದರಲ್ಲಿರುವುದು ಒಗೆಯುವ ಸೋಡವೇ, ಅಂದರೆ ಸೋಡಿಯಂ ಕಾರ್ಬನೇಟ್. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಮಣ್ಣಿನ ಬಗ್ಗೆ ಬರೆದಿದ್ದಾನೆ. ಹೊಸದುರ್ಗದ ಕಡೆಯ ಮತ್ತೋಡಿನಲ್ಲಿ ಬಳೆಗಾಜು ಕರಗಿಸಲು ನೆಲದ ಮೇಲೆ ಉಕ್ಕುವ ಇಂಥದೇ ಸೋಡ ಬೇಕಾಗುತ್ತಿತ್ತು. ಬೆಳೆಗೆ ವಿಷವಾದದ್ದು ಕೈಗೆ ಬಳೆಯಾಗಿ, ಮೈಗೆ ಮಡಿಬಟ್ಟೆಯಾಗಿ ಬಂದ ಕಾಲ ಅದು.

ಈಗ ಕೆರೆಯ ಜಿನುಗಿನ ಜೊತೆಗೆ ಕೊಳವೆಬಾವಿಯೂ ಸೇರಿದೆ. ಸಾವಿರ ಅಡಿ ದಾಟಿದ ಬೋರುಗಳ ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ಕೂತು ಬಂದದ್ದು. ಅಂಥ ನೀರಿನಲ್ಲಿ ಬಹಳ ಕಡೆ ಸೋಡಿಯಂ ಮತ್ತು ಬೈಕಾರ್ಬನೇಟ್ ಒಟ್ಟಿಗೇ ಇರುತ್ತವೆ. ಇಲ್ಲೊಂದು ಬೆರಗಿನ ಕೊಂಡಿ ಇದೆ. ಬೈಕಾರ್ಬನೇಟ್ ಹೆಚ್ಚಿದಲ್ಲಿ ಕ್ಯಾಲ್ಸಿಯಂ ಸುಣ್ಣವಾಗಿ ಹೆಪ್ಪುಗಟ್ಟಿ ನೀರಿನಿಂದ ಹೊರಬೀಳುತ್ತದೆ. ಕ್ಯಾಲ್ಸಿಯಂ ಇಲ್ಲದ ನೀರಿನಲ್ಲಿ ಬಂಡೆಯ ಫ್ಲೋರೈಡ್ ಸಲೀಸಾಗಿ ಕರಗುತ್ತದೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹಲ್ಲು ಕಂದಿಸಿದ, ಮೂಳೆ ಬಾಗಿಸಿದ ಫ್ಲೋರೈಡ್ ನೀರೂ ನೆಲ ಕೆಡಿಸುವ ಚೌಳೂ ಒಂದೇ ರಸಾಯನದ ಎರಡು ಮುಖ. ಎರಡರಲ್ಲೂ ಕಾಣೆಯಾದದ್ದು ಕ್ಯಾಲ್ಸಿಯಂ.

ಕಾಣೆಯಾದದ್ದು ಎಲ್ಲಿಗೆ ಹೋಯಿತು?

ಎಲ್ಲಿಗೂ ಹೋಗಿಲ್ಲ! ಚೌಳು ಬಿದ್ದ ಎಷ್ಟೋ ತಗ್ಗುಗಳಲ್ಲಿ ಎರಡು ಮೂರು ಅಡಿ ತೋಡಿದರೆ ಬಿಳಿಯ ಗಂಟುಗಳು ಸಿಗುತ್ತವೆ. ಅದೇ ಸುಣ್ಣ, ಕ್ಯಾಲ್ಸಿಯಂ ಕಾರ್ಬನೇಟ್. ನೆಲ ಚೌಳಾಗುವಾಗ ನೀರಿನಿಂದ ಹೊರಬಿದ್ದ ಕ್ಯಾಲ್ಸಿಯಂ ಅಲ್ಲಲ್ಲೇ ಗಂಟಾಗಿ ಕೂತಿದೆ. ರೋಗ ಬರುವಾಗಲೇ ಔಷಧವನ್ನು ಪಕ್ಕದಲ್ಲಿ ಹೂತಿಟ್ಟು ಬಂದಿದೆ. ತೊಂದರೆ ಒಂದೇ. ಕ್ಷಾರ ಏರಿದ ನೆಲದಲ್ಲಿ ಸುಣ್ಣ ಕರಗುವುದಿಲ್ಲ. ಸೋಡಿಯಂ ಕೂತ ಹಾಳೆಯಿಂದ ಕೂದಲೆಳೆಯ ದೂರದಲ್ಲಿ ಕ್ಯಾಲ್ಸಿಯಂ ಇದೆ, ಅಲ್ಲಿಗೆ ತಲುಪುವ ದಾರಿ ಮಾತ್ರ ಇಲ್ಲ.

ಆ ದಾರಿ ತೆರೆಯುವುದು ಕೊಳೆತ ಕಸ.

ನಾವು ಉಸಿರಾಡುವ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ 0.04ರಷ್ಟು ಮಾತ್ರ. ಎಲೆ, ಕಡ್ಡಿ, ಸಗಣಿ ಕೊಳೆಯುತ್ತಿರುವ ತೇವದ ಮಣ್ಣಿನ ಸಂದುಗಳಲ್ಲಿ ಅದು ಶೇ 1ಕ್ಕೆ ಏರುತ್ತದೆ, ಕೆಲವೊಮ್ಮೆ ಶೇ 10ರವರೆಗೂ ಹೋಗುತ್ತದೆ. ಕೊಳೆಸುವ ಕೋಟ್ಯಂತರ ಜೀವಿಗಳ ಉಸಿರು ಅದು. ಆ ಉಸಿರು ನೀರಿನಲ್ಲಿ ಬೆರೆತು ಕಾರ್ಬಾನಿಕ್ ಆಮ್ಲವಾಗುತ್ತದೆ, ಸೋಡಾ ಬಾಟಲಿಯಲ್ಲಿ ನಾಲಿಗೆ ಚುರುಗುಟ್ಟಿಸುವ ಅದೇ ಆಮ್ಲ. ಸುಣ್ಣಕಲ್ಲು ಮತ್ತು ನೀರು ಮಾತ್ರ ಇರುವ ಪಾತ್ರೆಯನ್ನು ಬಯಲ ಗಾಳಿಗೆ ತೆರೆದಿಟ್ಟರೆ ನೀರಿನ ರಸಸಾರ 8.3ರ ಸುಮಾರಿಗೆ ನಿಲ್ಲುತ್ತದೆ. ಅದೇ ಪಾತ್ರೆಯ ಮೇಲಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡನ್ನು ಶೇ 1ಕ್ಕೆ ಏರಿಸಿದರೆ 7.3ರ ಹತ್ತಿರಕ್ಕೆ ಇಳಿಯುತ್ತದೆ. ರಸಸಾರದ ಅಳತೆಯಲ್ಲಿ ಒಂದು ಮೆಟ್ಟಿಲೆಂದರೆ ಹತ್ತು ಪಟ್ಟು. ಉಸಿರಿನಿಂದ ಮಾತ್ರ!

ಆಗ ಗಂಟಾಗಿದ್ದ ಸುಣ್ಣ ಕರಗತೊಡಗುತ್ತದೆ. ಬಿಡುಗಡೆಯಾದ ಕ್ಯಾಲ್ಸಿಯಂ ಜೇಡಿಯ ಹಾಳೆಯ ಬಳಿಗೆ ಹೋಗಿ ಸೋಡಿಯಂ ಅನ್ನು ಎಬ್ಬಿಸಿ ತಾನು ಕೂರುತ್ತದೆ. ಎದ್ದ ಸೋಡಿಯಂ ನೀರಿನ ಜೊತೆ ಕೆಳಕ್ಕೆ ಬಸಿದು ಹೋಗುತ್ತದೆ. ಹಾಳೆಗಳು ಮತ್ತೆ ಕೂಡಿಕೊಳ್ಳುತ್ತವೆ, ಸಂದು ತೆರೆಯುತ್ತದೆ, ಮುಂದಿನ ಮಳೆ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಇಳಿದ ನೀರು ಇನ್ನಷ್ಟು ಸೋಡಿಯಂ ಒಯ್ಯುತ್ತದೆ. ಒಮ್ಮೆ ಶುರುವಾದರೆ ಪ್ರತಿ ಹೆಜ್ಜೆಯೂ ಮುಂದಿನ ಹೆಜ್ಜೆಯನ್ನು ಹಗುರ ಮಾಡುತ್ತದೆ.

ಗುಂಡಿಯೊಳಗಿನ ಬೆಂಕಿ

ಲಕ್ಕೂರಿನ ಸುತ್ತಮುತ್ತ ಈ ಕೆಲಸಕ್ಕೆ ಬೇಕಾದ ಸಾಮಗ್ರಿಗೆ ಬರವಿಲ್ಲ. ಮಾಲೂರು ತರಕಾರಿ ಮತ್ತು ಹೂವಿನ ಸೀಮೆ, ಕೋಲಾರ ಟೊಮೆಟೊ ಮತ್ತು ರೇಷ್ಮೆಯ ಜಿಲ್ಲೆ, ಮನೆಮನೆಗೂ ಡೇರಿಗೆ ಹಾಲು ಹಾಕುವ ಹಸು. ಕಾಯಿ ಬಿಡಿಸಿದ ಟೊಮೆಟೊ ಗಿಡ, ಕೋಸಿನ ಹೊರ ಎಲೆ, ಗುಲಾಬಿಯ ಚಾಟಿ ಕಡ್ಡಿ, ರಾಗಿ ಹೊಟ್ಟು, ಹಿಪ್ಪುನೇರಳೆ ಕಡ್ಡಿ, ಹುಳು ತಿಂದು ಬಿಟ್ಟ ಸೊಪ್ಪು, ಹುಳುವಿನ ಹಿಕ್ಕೆ. ಒಂದು ಹೆಕ್ಟೇರ್ ಹಿಪ್ಪುನೇರಳೆ ತೋಟದ ರೇಷ್ಮೆ ಕೃಷಿಯಿಂದ ವರ್ಷಕ್ಕೆ 12ರಿಂದ 15 ಟನ್ ತ್ಯಾಜ್ಯ ಬರುತ್ತದೆಂದು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯ ಲೆಕ್ಕ. ಅದೇ ಸಂಸ್ಥೆ ನೀರಾವರಿ ತೋಟಕ್ಕೆ ಹೇಳುವ ಕೊಟ್ಟಿಗೆ ಗೊಬ್ಬರ ವರ್ಷಕ್ಕೆ 20 ಟನ್. ತೋಟ ಕೇಳುವುದರಲ್ಲಿ ದೊಡ್ಡ ಪಾಲಿಗೆ ಬೇಕಾದ ಕಚ್ಚಾ ಮಾಲು ಹುಳುಮನೆಯ ಬಾಗಿಲಲ್ಲೇ ಬಿದ್ದಿದೆ.

ಕಡ್ಡಿಯಲ್ಲಿ ಇಂಗಾಲ ಹೆಚ್ಚು, ಹಿಕ್ಕೆಯಲ್ಲಿ ಸಾರಜನಕ ಹೆಚ್ಚು. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬರುವಂತೆ ಎರಡನ್ನೂ ಪದರಪದರವಾಗಿ ಹಾಕಿ, ಸಗಣಿ ಬಗ್ಗಡ ಚಿಮುಕಿಸಿ, ಹಿಂಡಿದರೆ ಕೈ ಒದ್ದೆಯಾಗುವಷ್ಟು ತೇವ ಇಟ್ಟರೆ ಕೆಲವೇ ದಿನಗಳಲ್ಲಿ ಗುಂಡಿಯ ಒಡಲು ಕಾಯುತ್ತದೆ. 55, 60, ಒಮ್ಮೊಮ್ಮೆ 65 ಡಿಗ್ರಿ! ಕೈಯಿಡಲಾಗದ ಆ ಶಾಖ ಯಾವ ಒಲೆಯಿಂದಲೂ ಬಂದದ್ದಲ್ಲ. ಮೊದಲು ಬಂದ ಬ್ಯಾಕ್ಟೀರಿಯಾಗಳು ತಾವೇ ಎಬ್ಬಿಸಿದ ಬಿಸಿಗೆ ತಾಳಲಾರದೆ ಹಿಂದೆ ಸರಿಯುತ್ತವೆ, ಬಿಸಿಯನ್ನೇ ಬಯಸುವ ಇನ್ನೊಂದು ಪಡೆ ಬರುತ್ತದೆ, ಗುಂಡಿ ಆರಿದ ಮೇಲೆ ಶಿಲೀಂಧ್ರಗಳು ಬಂದು ಗಟ್ಟಿ ಕಡ್ಡಿಯನ್ನು ಬಿಡಿಸುತ್ತವೆ. ಅಷ್ಟರಲ್ಲಿ ಕಳೆಬೀಜ ಬೆಂದಿರುತ್ತದೆ, ರೋಗಾಣು ಸತ್ತಿರುತ್ತದೆ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ, ರೇಷ್ಮೆಹುಳುವನ್ನು ಕೊಲ್ಲುವ ಊಜಿ ನೊಣವನ್ನು ಬಲ್ಲ ರೇಷ್ಮೆ ರೈತರಿಗೆ ಹಸಿ ಹಿಕ್ಕೆಯನ್ನು ನೇರ ತೋಟಕ್ಕೆ ಚೆಲ್ಲುವ ಅಪಾಯ ಹೇಳಿಕೊಡಬೇಕಿಲ್ಲ. ಕೊಳೆಸುವುದೇ ಅದಕ್ಕೆ ಕಾವಲು.

ಈ ವಿದ್ಯೆಯ ದೊಡ್ಡ ಅಧ್ಯಾಯವೊಂದು ಲಕ್ಕೂರಿನಿಂದ ಕೂಗಳತೆಯಲ್ಲಿರುವ ಬೆಂಗಳೂರಿನಲ್ಲೇ ನಡೆದಿದೆ. ಇಂದೋರಿನಲ್ಲಿ ಆಲ್ಬರ್ಟ್ ಹೊವಾರ್ಡ್ 1924ರಿಂದ 1931ರ ನಡುವೆ ರೈತರ ತ್ಯಾಜ್ಯದಿಂದ ಗೊಬ್ಬರ ಮಾಡುವ ಇಂದೋರ್ ಪದ್ಧತಿ ರೂಪಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಸಿ. ಎನ್. ಆಚಾರ್ಯ 1939ರಲ್ಲಿ ಕೊಟ್ಟದ್ದು ಬೆಂಗಳೂರು ಪದ್ಧತಿ. ಕಂದಕದಲ್ಲಿ ಪದರ ಹಾಕಿ, ಮೇಲೆ ಮಣ್ಣು ಮೆತ್ತಿ ಮುಚ್ಚಿ, ಮಗುಚುವ ಶ್ರಮವೂ ಹೆಚ್ಚು ನೀರೂ ಇಲ್ಲದೆ ಆರೆಂಟು ತಿಂಗಳಲ್ಲಿ ಗೊಬ್ಬರ ತೆಗೆಯುವ ವಿಧಾನ. ಒಣಸೀಮೆಗೆ ಹೇಳಿ ಮಾಡಿಸಿದಂಥದು. ಅವರಿಗಿಂತ ಮುಂಚೆ, 1916ರಲ್ಲಿ, ಅದೇ ಸಂಸ್ಥೆಗೆ ಬಂದಿದ್ದ ಗಿಲ್ಬರ್ಟ್ ಫೌಲರ್ ಕೂಡ ಕಾಂಪೋಸ್ಟ್ ಪ್ರಯೋಗ ಮಾಡಿದ್ದರು. ಮ್ಯಾಂಚೆಸ್ಟರಿನಲ್ಲಿ 1914ರಲ್ಲಿ ಹೊರಬಂದ, ಕೊಳಚೆ ನೀರಿಗೆ ಗಾಳಿಯೂದಿ ಸೂಕ್ಷ್ಮಜೀವಿಗಳಿಂದಲೇ ಅದನ್ನು ಶುದ್ಧ ಮಾಡಿಸುವ ವಿಧಾನದ ಹಿಂದಿನ ಪ್ರೇರಣೆಯೂ ಅವರದೇ. 2018ರ ಜೂನ್‌ನಲ್ಲಿ, ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕಳಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಿದ್ದಾಗ ಕೋಲಾರಕ್ಕೆ ಹರಿದದ್ದು ಆ ವಿದ್ಯೆಯ ಫಲ. ಬೆಂಗಳೂರಿನ ಒಬ್ಬ ಪ್ರಾಧ್ಯಾಪಕರ ಎರಡು ಆಸಕ್ತಿಗಳು, ಗೊಬ್ಬರ ಮತ್ತು ಕೊಳಚೆ ನೀರು, ನೂರು ವರ್ಷದ ಮೇಲೆ ಕೋಲಾರದ ಕೆರೆ ಅಂಗಳದಲ್ಲಿ ಭೇಟಿಯಾಗಿವೆ!

ಅಂಟು, ಬೇರು, ಡಯಾಂಚ

ಕಳಿತ ಗೊಬ್ಬರದ ಕೆಲಸ ಸುಣ್ಣ ಕರಗಿಸುವುದಕ್ಕೆ ನಿಲ್ಲುವುದಿಲ್ಲ. ಬ್ಯಾಕ್ಟೀರಿಯಾಗಳು ಮಣ್ಣಿನ ಕಣಗಳಿಗೆ ಅಂಟು ಸುರಿಸುತ್ತವೆ, ಶಿಲೀಂಧ್ರದ ಎಳೆಗಳು ಅವನ್ನು ಹೆಣೆಯುತ್ತವೆ, ಎರೆಹುಳು ಬಂದು ಸುರಂಗ ತೋಡುತ್ತದೆ. ಕ್ಯಾಲ್ಸಿಯಂ ಕೂಡಿಸಿದ್ದನ್ನು ಜೀವಿಗಳು ಕಟ್ಟಿ ನಿಲ್ಲಿಸುತ್ತವೆ.

ಹದವಾಗಿ ಕಳಿತ ಗೊಬ್ಬರದ ಉಸಿರು ನಿಧಾನ. ಕಟ್ಟುವ ಕೆಲಸಕ್ಕೆ ಅದು ಒಳ್ಳೆಯದು, ಸುಣ್ಣ ಕರಗಿಸಲು ಜೋರಾದ ಉಸಿರು ಬೇಕು. ಅದಕ್ಕೇ ಡಯಾಂಚ ಎಂಬ ಹಸಿರೆಲೆ ಗೊಬ್ಬರದ ಗಿಡ. ಎಕರೆಗೆ ಸುಮಾರು 20 ಕಿಲೋ ಬೀಜ ಚೆಲ್ಲಿ, 45ರಿಂದ 50 ದಿನಕ್ಕೆ, ಹೂ ಬರುವ ಹೊತ್ತಿಗೆ, ಎಳೆಯದಾಗಿಯೇ ಉತ್ತು ಮಣ್ಣಿಗೆ ಸೇರಿಸಿದರೆ ಅದು ಬೇಗ ಕೊಳೆತು ಒಮ್ಮೆಲೇ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದರ ಸಸ್ಯರಸವೇ ಹುಳಿ, ರಸಸಾರ ನಾಲ್ಕರ ಆಸುಪಾಸು. ಬೇರುಗಂಟಿನಲ್ಲಿ ಗಾಳಿಯ ಸಾರಜನಕ ಹಿಡಿಯುತ್ತದೆ, ಮುಚ್ಚಿದ ಮಣ್ಣನ್ನು ಕೊರೆದು ದಾರಿ ಮಾಡುತ್ತದೆ. ಗದ್ದೆಗೆ ಹೊಂಗೆ ಸೊಪ್ಪು ತುಳಿಯುತ್ತಿದ್ದ ಹಳಬರ ಕೈಗೆ ಈ ಕೆಲಸ ಹೊಸದೇನಲ್ಲ.

ನೆಲ ಸುಧಾರಿಸುವಷ್ಟರಲ್ಲಿ ಸುಮ್ಮನೆ ಕೂರಬೇಕಿಲ್ಲ. ಮೈಸೂರಿನ ರೇಷ್ಮೆ ಸಂಸ್ಥೆ ಕ್ಷಾರ ಮಣ್ಣಿಗೆಂದೇ ಎಆರ್-12 ಎಂಬ ಹಿಪ್ಪುನೇರಳೆ ತಳಿ ಕೊಟ್ಟಿದೆ. ಅದರ ಸೊಪ್ಪು ಹುಳುವಿಗೆ, ಹುಳುವಿನ ಹಿಕ್ಕೆ ಗುಂಡಿಗೆ, ಗುಂಡಿಯ ಗೊಬ್ಬರ ಅದೇ ಸಾಲಿನ ಬುಡಕ್ಕೆ. ಕೆಟ್ಟ ನೆಲ ತನ್ನ ಮದ್ದನ್ನು ತಾನೇ ಬೆಳೆಯುತ್ತದೆ.

ಮಾಡುವವರಿಗೆ

ಮೊದಲು ಮಣ್ಣು ಪರೀಕ್ಷೆ, ಜೊತೆಗೇ ನೀರಿನ ಪರೀಕ್ಷೆ. ಕೋಲಾರದ ಟಮಕದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ರಸಸಾರದ ಜೊತೆ ವಿದ್ಯುತ್ ವಾಹಕತೆಯನ್ನೂ ಸೋಡಿಯಂ ಪಾಲನ್ನೂ ಕೇಳಿ ಬರೆಸಿಕೊಳ್ಳಬೇಕು. ಬರೀ ಉಪ್ಪಿನ ನೆಲ ಬೇರೆ, ಕ್ಷಾರದ ನೆಲ ಬೇರೆ. ಬರೀ ಉಪ್ಪಾದರೆ ನೀರು ಕಟ್ಟಿ ಬಸಿದರೆ ತೊಳೆದುಹೋಗುತ್ತದೆ. ಸೋಡಿಯಂ ಹಿಡಿದ ನೆಲಕ್ಕೆ ಕ್ಯಾಲ್ಸಿಯಂ ಇಲ್ಲದೆ ಸಿಹಿನೀರು ಹಾಯಿಸಿದರೆ ಮಣ್ಣು ಇನ್ನೂ ಕೆಡುತ್ತದೆ, ಏಕೆಂದರೆ ಅಲ್ಲಿಯವರೆಗೆ ಜೇಡಿ ಚದುರದಂತೆ ತಡೆದಿದ್ದದ್ದು ಮಣ್ಣಿನ ನೀರಿನಲ್ಲಿ ಕರಗಿದ್ದ ಉಪ್ಪೇ. ಆರಂಭದ ಪರೀಕ್ಷೆಗೆ ಬೋರಿನ ನೀರು ಬಿಟ್ಟು ಮಳೆನೀರು ಹೇಳಿದ್ದೂ ಇದಕ್ಕಾಗಿಯೇ.

ಪ್ರಯೋಗಾಲಯದಲ್ಲಿ ಮಣ್ಣಿಗೆ ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟು ಸುಣ್ಣದ ಅಂಶ ನೋಡುತ್ತಾರೆ. ಸುಣ್ಣವಿದ್ದರೆ ಗೊಬ್ಬರ ಮತ್ತು ಡಯಾಂಚ ಅದನ್ನು ದುಡಿಸಿಕೊಳ್ಳುತ್ತವೆ. ಸುಣ್ಣವಿಲ್ಲದಿದ್ದರೆ, ಅಥವಾ ಕ್ಷಾರ ಬಹಳ ಏರಿದ್ದರೆ, ಪರೀಕ್ಷೆ ಹೇಳಿದಷ್ಟು ಜಿಪ್ಸಂ ಬೇಕೇ ಬೇಕು. ಜಿಪ್ಸಂ ಮತ್ತು ಕಳಿತ ಗೊಬ್ಬರ ಒಂದಕ್ಕೊಂದು ಜೋಡಿ. ಒಂದು ಕ್ಯಾಲ್ಸಿಯಂ ತರುತ್ತದೆ, ಇನ್ನೊಂದು ಅದು ಇಳಿಯಲು ದಾರಿ ತೆರೆಯುತ್ತದೆ. ಬದು ಹಾಕಿ ಮಟ್ಟ ಮಾಡಿ, ಮೇಲಿನ ಅರ್ಧ ಅಡಿ ಮಣ್ಣಿಗೆ ಎರಡನ್ನೂ ಬೆರೆಸಿ, ತಗ್ಗಿನ ಅಂಚಿನಲ್ಲಿ ಬಸಿಗಾಲುವೆ ತೆಗೆಯಬೇಕು. ಎದ್ದ ಸೋಡಿಯಂ ಹೊರಹೋಗಲು ದಾರಿಯಿಲ್ಲದಿದ್ದರೆ ಎಷ್ಟು ಗೊಬ್ಬರ ಸುರಿದರೂ ಫಲವಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಯಲ್ಲಿ ತೊಳೆಯುವ ನೀರೆಂದರೆ ಮಳೆ. ಸೆಪ್ಟೆಂಬರ್, ಅಕ್ಟೋಬರ್‌ನ ಜೋರು ಮಳೆಗೆ ಮುನ್ನ ಎಲ್ಲವೂ ಮಣ್ಣು ಸೇರಿರಬೇಕು.

ಎಚ್ಚರಗಳೂ ಇವೆ. ಕೋಳಿ ಗೊಬ್ಬರದಲ್ಲಿ ಉಪ್ಪು ಹೆಚ್ಚು, ಚೌಳಿಗೆ ಅದನ್ನು ಹಸಿಯಾಗಿ ಸುರಿಯಬಾರದು. ಟೊಮೆಟೊ ಗಿಡ ಗುಂಡಿಗೆ ಹಾಕುವ ಮುನ್ನ ಪ್ಲಾಸ್ಟಿಕ್ ದಾರ, ಮಲ್ಚಿಂಗ್ ಪೇಪರ್ ಪೂರ್ತಿ ಬಿಡಿಸಬೇಕು. ಸಂಸ್ಕರಿಸಿದ ನೀರಾಗಲಿ ಬೋರಿನ ನೀರಾಗಲಿ, ಸೋಡಿಯಂ ಬೈಕಾರ್ಬನೇಟ್ ತರುತ್ತಿದ್ದರೆ ಪ್ರತಿ ನೀರಿಗೂ ಚೌಳು ಮರಳಿ ಬರುತ್ತಿರುತ್ತದೆ. ಅಂಥ ಕಡೆ ಗೊಬ್ಬರ ಪ್ರತಿ ವರ್ಷದ ಕೆಲಸ.

ಈ ಸಣ್ಣ ಗುಂಡಿಯ ಮುಂದಿರುವ ಹೊಲ ಎಷ್ಟು ದೊಡ್ಡದು ಗೊತ್ತೆ? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2024ರಲ್ಲಿ ಕೊಟ್ಟ ಲೆಕ್ಕದಂತೆ ಲವಣಪೀಡಿತ ನೆಲ 138 ಕೋಟಿ ಹೆಕ್ಟೇರ್, ಭೂಮಿಯ ಒಟ್ಟು ನೆಲದ ಶೇ 10.7. ಭಾರತದಲ್ಲಿ ಸುಮಾರು 67 ಲಕ್ಷ ಹೆಕ್ಟೇರ್, ಕರ್ನಾಟಕದಲ್ಲಿ ಸುಮಾರು ಒಂದೂವರೆ ಲಕ್ಷ, ಅದರಲ್ಲೂ ಬಹುಪಾಲು ಕ್ಷಾರದ್ದೇ. ನಮ್ಮಲ್ಲೇ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಈ ನೆಲಗಳ ಬೆನ್ನು ಹತ್ತಿದೆ. 1969ರಲ್ಲಿ ಹುಟ್ಟಿದ ಕರ್ನಾಲಿನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯ ವಿಧಾನಗಳಿಂದ ದೇಶದಲ್ಲಿ 20 ಲಕ್ಷ ಹೆಕ್ಟೇರಿಗೂ ಹೆಚ್ಚು ಕೆಟ್ಟ ನೆಲ ಮತ್ತೆ ಉಳುಮೆಗೆ ಬಂದಿದೆ. ಅಲಹಾಬಾದಿನಲ್ಲಿ ನೀಲರತನ ಧರ್ 1930ರ ದಶಕದಲ್ಲೇ ಸಕ್ಕರೆ ಕಾರ್ಖಾನೆಯ ಕಾಕಂಬಿ ಸುರಿದು ಕ್ಷಾರನೆಲ ಎಬ್ಬಿಸುವ ದಾರಿ ಹುಡುಕಿದ್ದರು. ಎಲ್ಲ ಕಡೆಯೂ ಹೊರಬರುವ ಮಾತು ಇದೇ. ಚೌಳು ಸತ್ತ ನೆಲವಲ್ಲ, ಉಸಿರುಕಟ್ಟಿದ ನೆಲ.

ಬೆಂಗಳೂರು ಮಾಲೂರಿನ ಕಡೆ ಚಾಚುತ್ತಾ ಬರುತ್ತಿರುವ ಈ ದಿನಗಳಲ್ಲಿ ಬೆಳೆಯದ ಜಮೀನು ಮೊದಲು ಲೇಔಟಿಗೆ ಹೋಗುತ್ತದೆ. ಏನೂ ಬರಲ್ಲ ಎಂದು ಕೊಡುವ ಮುನ್ನ ಆ ನೆಲಕ್ಕೆ ಎರಡು ಮೂರು ಮಳೆಗಾಲ ಕೊಡೋಣ. ಬದುವಿನ ಮೇಲೆ ಬೆಂಕಿ ಹಚ್ಚುವ ಟೊಮೆಟೊ ಗಿಡ ಗುಂಡಿಗೆ ಬೀಳಲಿ, ಹುಳುಮನೆಯ ಹಿಕ್ಕೆ ಗುಂಡಿಗೆ ಬೀಳಲಿ, ಮುಂಗಾರಿಗೆ ಡಯಾಂಚ ಬೀಳಲಿ. ಬೇಕಾದ ಕ್ಯಾಲ್ಸಿಯಂ ಎಷ್ಟೋ ಕಡೆ ಕಾಲಡಿಯಲ್ಲೇ ಇದೆ, ಅದನ್ನು ಎಬ್ಬಿಸುವ ಕಸ ಹಿತ್ತಲಿನಲ್ಲಿದೆ. ಎರಡನ್ನೂ ಸೇರಿಸುವ ಕೆಲಸ ಮಾತ್ರ ನಮ್ಮದು.